ಕೈ ಆಪರೇಷನ್‌ಗೆ ಬ್ಲಾಕ್: ಕಾಲರ್ ಬೋನ್ ಮೇಲಾ, ಕಂಕುಳಲ್ಲಾ?

ಬ್ಲಾಕ್ ಅಂದ್ರೆ ಅಲ್ಟ್ರಾಸೌಂಡಲ್ಲಿ ನೋಡ್ಕೊಂಡು ನರಗಳ ಸುತ್ತ ಮದ್ದು ಹಾಕಿ ಕೈಯನ್ನಷ್ಟೇ ಮರಗಟ್ಟಿಸೋದು. ಮೊದಲೇ ಹೇಳ್ಬಿಡ್ತೀನಿ, ಮೊಣಕೈಯಿಂದ ಕೆಳಗಿನ ಕೇಸ್ ಅಂದ್ರೆ ನನ್ನ ಓಟು ಆಕ್ಸಿಲರಿಗೇ, ಅಂದ್ರೆ ಕಂಕುಳಲ್ಲಿ ಹಾಕೋ ಬ್ಲಾಕ್‌ಗೇ. ಹಾಗಂತ ಶುರುವಿಂದ ಹೀಗಿರ್ಲಿಲ್ಲ, ಸುಮಾರು ವರ್ಷ ಸುಪ್ರಾಕ್ಲಾವಿಕ್ಯುಲರ್ (ಕಾಲರ್ ಬೋನ್ ಮೇಲೆ ಹಾಕೋದು) ಒಂದಿದ್ರೆ ಸಾಕು ಅಂತಿದ್ದವನು ನಾನು. ಅಲ್ಲಿ ಸಬ್‌ಕ್ಲೇವಿಯನ್ ಆರ್ಟರಿ (ಕೈಗೆ ರಕ್ತ ಒಯ್ಯೋ ನಾಳ) ಪಕ್ಕದಲ್ಲೇ ಪ್ಲೆಕ್ಸಸ್, ಅಂದ್ರೆ ಕೈಗೆ ಹೋಗೋ ನರಗಳ ಜಾಲ, ದ್ರಾಕ್ಷಿ ಗೊಂಚಲಿನ ಥರ ಕೂತಿರತ್ತೆ, ಒಂದೇ ಚುಚ್ಚು, 15-20 ನಿಮಿಷಕ್ಕೆ ಇಡೀ ಕೈ ಮರದ ಕೊರಡು.

ಅದು ಕೈಕೊಟ್ಟಿದ್ದು ಒಂದು ಐದನೇ ಮೆಟಾಕಾರ್ಪಲ್ (ಕಿರುಬೆರಳ ಬುಡದ ಅಂಗೈ ಮೂಳೆ) ಪ್ಲೇಟಿಂಗ್ ದಿನ. 20 ಎಂಎಲ್ ಹಾಕಿದ್ದೆ, ಸ್ಕ್ರೀನಲ್ಲಿ ಗೊಂಚಲು ಚೆನ್ನಾಗಿ ಬಿಚ್ಕೊಂಡಿತ್ತು, ಹೆಬ್ಬೆರಳಿಂದ ನಡುಬೆರಳ ತನಕ ಏನೂ ಗೊತ್ತಾಗ್ತಿಲ್ಲ. ಕಿರುಬೆರಳಿಗೆ ಸ್ಪಿರಿಟ್ ಹತ್ತಿ ಮುಟ್ಟಿಸಿದ್ರೆ "ತಣ್ಣಗಿದೆ ಡಾಕ್ಟ್ರೇ" ಅಂತಾರೆ! ಕಟ್ ಮಾಡ್ಬೇಕಾಗಿರೋದೇ ಅಲ್ಲಿ. ಸರ್ಜನ್ ಗೌನ್ ಹಾಕ್ಕೊಂಡು ಗಡಿಯಾರ ನೋಡ್ತಾ ನಿಂತಿದ್ದಾರೆ, ನಾನು ಇನ್ನೂ 10 ನಿಮಿಷ ಇನ್ನೂ 10 ನಿಮಿಷ ಅಂತ ಕಾದು ಕೊನೆಗೆ ಮುಂಗೈಯಲ್ಲಿ ಅಲ್ನಾರ್ ನರಕ್ಕೆ ಬೇರೆ 5 ಎಂಎಲ್ ಹಾಕಿ ಮರ್ಯಾದೆ ಉಳಿಸ್ಕೊಂಡೆ.

ಕಾರಣ ಎಲ್ರಿಗೂ ಗೊತ್ತಿರೋದೇ, ಸಿ8-ಟಿ1 ಅನ್ನೋ ಬೆನ್ನುಹುರಿ ನರಗಳಿಂದ ಬರೋ, ಕಿರುಬೆರಳ ಕಡೆ ಹೋಗೋ ಕೆಳಗಿನ ಟ್ರಂಕ್ (ಪ್ಲೆಕ್ಸಸ್‌ನ ಒಂದು ಕಾಂಡ) ಫಸ್ಟ್ ರಿಬ್ಬಿಗೂ (ಮೊದಲ ಪಕ್ಕೆಲುಬು) ಆರ್ಟರಿಗೂ ನಡುವಿನ ಮೂಲೆಯಲ್ಲಿ, ಆ ಕಾರ್ನರ್ ಪಾಕೆಟ್ ಅಂತಾರಲ್ಲ ಅಲ್ಲಿ, ಅಡಗಿರತ್ತೆ, ಮೊದ್ಲು ಅಲ್ಲಿಗೇ ಡ್ರಗ್ ಹೋಗ್ಬೇಕು. ಓದಕ್ಕೆ ಸುಲಭ. ಆದ್ರೆ ಸ್ಕ್ರೀನಲ್ಲಿ ರಿಬ್ಬೂ ಬೆಳ್ಳಗೆ, ಪ್ಲೂರಾನೂ (ಶ್ವಾಸಕೋಶದ ಹೊದಿಕೆ) ಬೆಳ್ಳಗೆ, ಉಸಿರಾಡಿದಾಗ ಜಾರೋದು ಪ್ಲೂರಾ, ಕೆಳಗೆ ಕಪ್ಪು ನೆರಳು ಬಿಡೋದು ರಿಬ್, ಪ್ರೋಬ್ ಕೂದಲೆಳೆಯಷ್ಟು ವಾಲಿದ್ರೂ ಯಾವ್ದು ಯಾವ್ದು ಅಂತ ತಿಳಿಯಲ್ಲ. ನೀಡಲ್ ತುದಿ ಕಾಣದೆ ಅಲ್ಲಿಗೆ ನುಗ್ಗೋ ಧೈರ್ಯ ನಂಗಿಲ್ಲ, ಕೈ ತಾನಾಗೇ ಅರ್ಧ ಸೆಂಟಿಮೀಟರ್ ಮೇಲೆ ನಿಂತ್ಬಿಡತ್ತೆ. ಅವತ್ತೂ ನಿಂತಿದ್ದು ಅಲ್ಲೇ.

ಆಕ್ಸಿಲರಿಯಲ್ಲಿ ಈ ಎದೆಬಡಿತ ಇಲ್ಲ. ಪ್ಲೂರಾ ದೂರ, ಡಯಾಫ್ರಾಮ್ (ಉಸಿರಾಡಿಸೋ ಸ್ನಾಯು) ತಂಟೆ ಇಲ್ಲ, ಆರ್ಟರಿಗೆ ಚುಚ್ಚಿದ್ರೂ ಒತ್ತಿ ಹಿಡಿಯಬಹುದು. ಕಿರಿಕಿರಿ ಏನಂದ್ರೆ ನಾಲ್ಕು ನರ ಒಂದೊಂದಾಗಿ ಹಿಡೀಬೇಕು, ಅದ್ರಲ್ಲಿ ಮಸ್ಕ್ಯುಲೋಕ್ಯುಟೇನಿಯಸ್ ಅಂತೂ ಬೈಸೆಪ್ಸ್‌ಗೂ ಕೊರಾಕೋಬ್ರೇಕಿಯಾಲಿಸ್‌ಗೂ (ಎರಡೂ ತೋಳಿನ ಸ್ನಾಯು) ಮಧ್ಯೆ ಬೇರೆ ಮನೆ ಮಾಡ್ಕೊಂಡಿರತ್ತೆ. ಆರ್ಟರಿ ಹಿಂದೆ ಬೆಳ್ಳಗೆ ಕಂಡಿದ್ದೆಲ್ಲ ರೇಡಿಯಲ್ ನರ ಅಲ್ಲ, ಎಷ್ಟೋ ಸಲ ಅದು ಅಲ್ಟ್ರಾಸೌಂಡ್ ಮಾಡೋ ಮೋಸ ಅಷ್ಟೇ, ಮೊಣಕೈ ಕಡೆಗೆ ಹಿಂಬಾಲಿಸಿ ನೋಡಿದ್ರೆ ನಿಜ ಗೊತ್ತಾಗತ್ತೆ. ಪ್ರೋಬ್ ಜೋರಾಗಿ ಒತ್ತಿದ್ರೆ ವೇನ್‌ಗಳು ಚಪ್ಪಟೆಯಾಗಿ ಮಾಯ, ಗೊತ್ತಾಗದೆ ಅವಕ್ಕೇ ಚುಚ್ಬಿಡಬಹುದು, ಅದಕ್ಕೆ ಚುಚ್ಚೋ ಮುಂಚೆ ಒಂದ್ಸಲ ಒತ್ತಡ ಸಡಿಲ ಬಿಟ್ಟು ನೋಡಿ.

ಇನ್‌ಫ್ರಾಕ್ಲಾವಿಕ್ಯುಲರ್ (ಕಾಲರ್ ಬೋನ್ ಕೆಳಗೆ ಹಾಕೋದು) ಒಳ್ಳೆ ಬ್ಲಾಕೇ, ಮದ್ದು ಹರಿಸ್ತಿರಕ್ಕೆ ಕ್ಯಾಥೆಟರ್ (ಸಣ್ಣ ಟ್ಯೂಬು) ಬಿಡೋದಾದ್ರೆ ಇನ್ನೂ ಒಳ್ಳೇದು. ಆದ್ರೆ ಆಳ ಜಾಸ್ತಿ, ನೀಡಲ್ ಕಡಿದಾಗಿ ಇಳೀಬೇಕು, ನನ್ನ ಹಳೇ ಮಷೀನಲ್ಲಿ, ಎಕೋಜೆನಿಕ್ (ಅಲ್ಟ್ರಾಸೌಂಡಲ್ಲಿ ಚೆನ್ನಾಗಿ ಹೊಳೆಯೋ ಥರದ್ದು) ಅಲ್ಲದ ಸಾದಾ ನೀಡಲಲ್ಲಿ ತುದಿ ಕಾಣೋದೇ ಪುಣ್ಯ.

ಇಂಟರ್‌ಸ್ಕೇಲೀನ್ (ಕುತ್ತಿಗೆ ಪಕ್ಕ ಹಾಕೋದು) ಭುಜಕ್ಕೆ ಮಾತ್ರ.

ಹಾಗಾಗಿ ಕೈ, ಮಣಿಕಟ್ಟು, ಮುಂಗೈ ಎಲ್ಲಾ ಈಗ ಕಂಕುಳಿಂದಲೇ, 5 ನಿಮಿಷ ಜಾಸ್ತಿ ಹಿಡಿದ್ರೂ ಪರವಾಗಿಲ್ಲ. ಮುರಿದ ಕೈ ಎತ್ತಿ ಕಂಕುಳು ತೋರ್ಸಕ್ಕೇ ಆಗಲ್ಲ ಅಂತ ನರಳ್ಕೊಂಡು ಬಂದವ್ರಿಗೆ ಮಾತ್ರ ಮತ್ತೆ ಕಾಲರ್ ಬೋನ್ ಮೇಲಕ್ಕೆ, ಅದೇ ಹಾಳು ಮೂಲೆ ಹುಡುಕ್ಕೊಂಡು.