ಬ್ಯಾಂಕಾಕೋ, ಕ್ವಾಲಾಲಂಪುರವೋ? ಎರಡೂ ಕಡೆ ನಾಲ್ಕು ನಾಲ್ಕು ತಿಂಗಳು ಇದ್ದು ನೋಡಿದೆ

2024ರ ಅಕ್ಟೋಬರ್‌ನಿಂದ ಜನವರಿ ಕೊನೆಯವರೆಗೆ ಬ್ಯಾಂಕಾಕ್‌ನಲ್ಲಿದ್ದೆ. ಆಮೇಲೆ ಮೇ ತಿಂಗಳವರೆಗೆ ಕ್ವಾಲಾಲಂಪುರದಲ್ಲಿ. ಕೆಲಸ ಮಾತ್ರ ಎರಡೂ ಕಡೆ ಒಂದೇ, ಬೆಂಗಳೂರಿನ ಕಂಪನಿಯದ್ದು. ಅಲ್ಲಿ ಬೆಳಗ್ಗೆ ಒಂಬತ್ತೂವರೆಗೆ ಮೀಟಿಂಗ್ ಶುರುವಾದರೆ ನಾನು ಎಲ್ಲಿದ್ದರೂ ಲ್ಯಾಪ್‌ಟಾಪ್ ಮುಂದೆ ಕೂತಿರಬೇಕು. ಇಂಥದ್ದೇ ಕೆಲಸದಲ್ಲಿರುವ ಗೆಳೆಯರು ಕೇಳುತ್ತಿರುತ್ತಾರೆ, ಎರಡರಲ್ಲಿ ಯಾವುದು ಅಂತ. ನನ್ನ ಉತ್ತರ ಕ್ವಾಲಾಲಂಪುರ. ಬ್ಯಾಂಕಾಕ್ ಅದಕ್ಕಿಂತ ಚಂದದ ಊರು ಅಂತ ಒಪ್ಪಿಕೊಂಡೇ ಹೇಳುತ್ತಿದ್ದೇನೆ.

ಮೊದಲ ಕಾರಣ ಊಟ. ನಾನು ಸಸ್ಯಾಹಾರಿ, ಮೊಟ್ಟೆಯನ್ನೂ ತಿನ್ನುವುದಿಲ್ಲ. ಪ್ರವಾಸಕ್ಕೆ ಹೋದಾಗ ಹತ್ತು ದಿನ ಹಣ್ಣು, ಬ್ರೆಡ್ಡು, ಮನೆಯಿಂದ ಕಟ್ಟಿಕೊಂಡು ಬಂದ ಅವಲಕ್ಕಿಯಲ್ಲಿ ಕಳೆದುಬಿಡಬಹುದು. ನಾಲ್ಕು ತಿಂಗಳು ಇದ್ದು ದಿನಾ ದುಡಿಯುವವರಿಗೆ ಅದು ಆಗುವ ಮಾತಲ್ಲ.

ಬ್ಯಾಂಕಾಕ್‌ನಲ್ಲಿ ಮೀನಿನ ಸಾರ ಇಲ್ಲದ ಅಡುಗೆ ಸಿಗುವುದು ಕಷ್ಟ. ಅದನ್ನು ನಾಮ್ ಪ್ಲಾ ಅನ್ನುತ್ತಾರೆ. ನಾವು ಉಪ್ಪು ಹಾಕುವ ಕಡೆಯಲ್ಲೆಲ್ಲ ಅವರು ಅದನ್ನು ಹಾಕುತ್ತಾರೆ. ಬರೀ ಸೊಪ್ಪಿನ ಪಲ್ಯ ಅಂದುಕೊಂಡು ಬಾಯಿಗೆ ಇಟ್ಟರೆ ಅದರಲ್ಲೂ ಇರುತ್ತದೆ. ನಾನು ಕಲಿತ ಮೊದಲ ಥಾಯ್ ವಾಕ್ಯವೇ 'ಮಾಯ್ ಸಾಯ್ ನಾಮ್ ಪ್ಲಾ', ನಾಮ್ ಪ್ಲಾ ಹಾಕಬೇಡಿ. ಸಸ್ಯಾಹಾರಕ್ಕೆ ಅವರ ಮಾತು 'ಮಾಂಗ್‌ಸಾವಿರಾತ್'. ಎರಡು ಸಲ ಬಾಯಲ್ಲಿ ಹೇಳಿಕೊಂಡು ನೋಡಿ, ಮಾಂಸವಿರತಿ ಅಂತ ಕೇಳಿಸುತ್ತದೆ. ಸಂಸ್ಕೃತದಿಂದಲೇ ಹೋದ ಮಾತು ಅದು. ಆದರೆ ಮಾಂಗ್‌ಸಾವಿರಾತ್ ಅಂದರೆ ಮೊಟ್ಟೆ ಬರಬಹುದು. ನನಗೆ ಬೇಕಾಗಿದ್ದದ್ದು 'ಜೇ'.

ಜೇ ಅಂಗಡಿ ಗುರುತಿಸುವುದು ಸುಲಭ. ಹಳದಿ ಬಾವುಟ, ಅದರ ಮೇಲೆ ಕೆಂಪು ಬಣ್ಣದಲ್ಲಿ 17 ಅಂತ ಬರೆದ ಹಾಗೆ ಕಾಣುವ ಅಕ್ಷರ. ಅಲ್ಲಿ ಮಾಂಸ, ಮೀನು, ಮೊಟ್ಟೆ, ಹಾಲು ಯಾವುದೂ ಇಲ್ಲ. ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ, ನಮ್ಮ ಮಡಿ ಅಡುಗೆಯ ಹಾಗೆ. ನಾನು ಹೋದ ಅಕ್ಟೋಬರ್ ಮೊದಲ ವಾರದಲ್ಲಿ ಜೇ ಹಬ್ಬ ನಡೆಯುತ್ತಿತ್ತು. ಬೀದಿ ಬೀದಿಯಲ್ಲೂ ಹಳದಿ ಬಾವುಟ. ಈ ಊರಲ್ಲಿ ನನಗೆ ತೊಂದರೆಯೇ ಇಲ್ಲ ಅಂದುಕೊಂಡೆ. ಹಬ್ಬ ಮುಗಿದ ಮರುದಿನ ಬಾವುಟಗಳು ಮಾಯ. ನನ್ನ ಮನೆಯ ಹತ್ತಿರ ಉಳಿದದ್ದು ಒಂದೇ ಗಾಡಿ.

ಆ ಗಾಡಿಯ ಹೆಂಗಸಿಗೆ ಅರವತ್ತು ದಾಟಿರಬೇಕು. ಎಲ್ಲರೂ ಅವರನ್ನು 'ಪಾ' ಅನ್ನುತ್ತಿದ್ದರು, ಅಂದರೆ ದೊಡ್ಡಮ್ಮ. ನಾನೂ ಹಾಗೇ ಕರೆದೆ. ಏಳೆಂಟು ಸ್ಟೀಲ್ ತಟ್ಟೆ ಸಾಲಾಗಿ ಇಟ್ಟಿರುತ್ತಿದ್ದರು. ಹುರಿದ ತೋಫು, ಕುಂಬಳಕಾಯಿ, ಅಣಬೆ, ಎಲೆಕೋಸು. ನಾನು ಬೆರಳು ತೋರಿಸಬೇಕು, ಅವರು ಅನ್ನದ ಮೇಲೆ ಹಾಕಬೇಕು. ಎರಡನೇ ವಾರದಿಂದ ಬೆರಳು ತೋರಿಸುವುದೂ ಬೇಕಾಗಲಿಲ್ಲ, ಕುಂಬಳಕಾಯಿ ಎರಡು ಸೌಟು ಬೀಳುತ್ತಿತ್ತು. ದುಡ್ಡು ಕೊಡಲು ಅವರ ಹತ್ತಿರ ಕ್ಯೂಆರ್ ಇತ್ತು, ನನ್ನ ಹತ್ತಿರ ಥಾಯ್ ಬ್ಯಾಂಕ್ ಖಾತೆ ಇರಲಿಲ್ಲ. ಹಾಗಾಗಿ ದಿನಾ ನೋಟು, ಚಿಲ್ಲರೆ. ಅವರು ಗಾಡಿ ತರದ ದಿನ ನನಗೆ ಊಟದ ಚಿಂತೆ ಬೆಳಗ್ಗೆಯೇ ಶುರು.

ಕ್ವಾಲಾಲಂಪುರಕ್ಕೆ ಬಂದ ಮೊದಲ ಬೆಳಗ್ಗೆ ಬ್ರಿಕ್‌ಫೀಲ್ಡ್ಸ್‌ಗೆ ಹೋದೆ. ಕೆಎಲ್ ಸೆಂಟ್ರಲ್ ರೈಲು ನಿಲ್ದಾಣದ ಪಕ್ಕದಲ್ಲೇ ಇರುವ, ಲಿಟಲ್ ಇಂಡಿಯಾ ಅಂತ ಕರೆಯುವ ಬಡಾವಣೆ. ಹೋಟೆಲಿನ ಹುಡುಗ 'ಎನ್ನ ವೇಣುಂ ಅಣ್ಣಾ' ಅಂದ. ನನ್ನದು ಬೆಂಗಳೂರಿನ ಹರಕುಮುರುಕು ತಮಿಳು, ಆದರೂ ಸಾಕಾಯಿತು. ಅಲ್ಲಿ ದೋಸೆಗೆ ತೋಸೈ ಅನ್ನುತ್ತಾರೆ. ನಮ್ಮ ದೋಸೆಗಿಂತ ಸ್ವಲ್ಪ ಹುಳಿ ಜಾಸ್ತಿ. ಮಧ್ಯಾಹ್ನ ಬಾಳೆ ಎಲೆ ಊಟ: ಅನ್ನ, ಮೂರು ಬಗೆ ಪಲ್ಯ, ಸಾರು, ಹಪ್ಪಳ. ಪಲ್ಯ ಎಷ್ಟು ಸಲ ಬೇಕಾದರೂ ಬಡಿಸುತ್ತಾರೆ. ನಾಲ್ಕು ತಿಂಗಳಾದ ಮೇಲೆ ಸಾರಿನ ವಾಸನೆ ಮೂಗಿಗೆ ಬಿದ್ದಾಗ ಕಣ್ಣು ತುಂಬಿ ಬಂತು.

ಇಲ್ಲೂ ಹುಷಾರಾಗಿರಬೇಕಾದ ಕಡೆ ಇದೆ. ಮಲಯ್ ಮತ್ತು ಚೀನೀ ಅಂಗಡಿಗಳ ಸೊಪ್ಪಿನ ಪಲ್ಯಕ್ಕೆ ಬೆಲಾಚಾನ್ ಅಂತ ಸಿಗಡಿಯಿಂದ ಮಾಡಿದ ಮುದ್ದೆ ಹಾಕುತ್ತಾರೆ. ಆದರೆ ಏನು ಹಾಕಿದ್ದೀರಿ ಅಂತ ಕೇಳಿ ತಿಳಿಯಬಹುದು. ಇಂಗ್ಲಿಷ್ ಎಲ್ಲ ಕಡೆ ನಡೆಯುತ್ತದೆ.

ಇನ್ನು ಗಡಿಯಾರ. ಬ್ಯಾಂಕಾಕ್ ನಮಗಿಂತ ಒಂದೂವರೆ ಗಂಟೆ ಮುಂದೆ, ಕ್ವಾಲಾಲಂಪುರ ಎರಡೂವರೆ ಗಂಟೆ ಮುಂದೆ. ಒಂದು ಗಂಟೆ ತಾನೆ ಅನ್ನಿಸಬಹುದು. ಬೆಂಗಳೂರಿನ ಒಂಬತ್ತೂವರೆ ಮೀಟಿಂಗ್ ಬ್ಯಾಂಕಾಕ್‌ನಲ್ಲಿ ಹನ್ನೊಂದಕ್ಕೆ. ಸಂಜೆ ಕಂಪನಿ ಬಾಗಿಲು ಹಾಕುವಾಗ ಇಲ್ಲಿ ಎಂಟು. ಅದೇ ಕ್ವಾಲಾಲಂಪುರದಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ ಶುರು, ರಾತ್ರಿ ಒಂಬತ್ತಕ್ಕೆ ಮುಕ್ತಾಯ. ಜೊತೆಗೆ ಅಲ್ಲಿ ಬೆಳಗಾಗುವುದೇ ತಡ. 1982ರ ಜನವರಿ 1ರಂದು ಕ್ವಾಲಾಲಂಪುರ ಇರುವ ಪರ್ಯಾಯ ದ್ವೀಪದ ಗಡಿಯಾರವನ್ನು ಅರ್ಧ ಗಂಟೆ ಮುಂದೆ ಹಾಕಿ, ಪೂರ್ವಕ್ಕೆ ಬೋರ್ನಿಯೋ ದ್ವೀಪದಲ್ಲಿರುವ ಮಲೇಷ್ಯಾದ್ದೇ ರಾಜ್ಯಗಳಾದ ಸಬಾ, ಸರವಾಕ್‌ಗೆ ಸರಿ ಹೊಂದಿಸಿದರು. ಅದರಿಂದ ಫೆಬ್ರುವರಿಯಲ್ಲಿ ಬೆಳಗ್ಗೆ ಏಳಕ್ಕೆ ಎದ್ದರೂ ಹೊರಗೆ ಕತ್ತಲೆ.

ಬೆಳಗಿನ ಹೊತ್ತಿನಲ್ಲಿ ಬ್ಯಾಂಕಾಕ್‌ಗೇ ನನ್ನ ಪೂರ್ತಿ ಅಂಕ. ನಾನಿದ್ದ ಓನ್ ನಟ್‌ನಿಂದ ರೈಲಿನಲ್ಲಿ ಐದು ನಿಲ್ದಾಣ ದಾಟಿದರೆ ಅಸೋಕ್ (ಹೌದು, ನಮ್ಮ ಅಶೋಕನೇ), ಅಲ್ಲಿಂದ ಸ್ವಲ್ಪ ನಡೆದರೆ ಬೆಂಜಕಿತ್ತಿ ಪಾರ್ಕ್. ಹಿಂದೆ ತಂಬಾಕು ಕಾರ್ಖಾನೆ ಇದ್ದ ಜಾಗ, ಈಗ ಕೆರೆ, ಜೌಗು, ಮರಗಳ ನಡುವೆ ಎತ್ತರದ ಕಾಲುದಾರಿ. ಎಂಟು ಗಂಟೆಗೆ ರಾಷ್ಟ್ರಗೀತೆ ಕೇಳಿಸಿದರೆ ಓಡುತ್ತಿದ್ದವರೆಲ್ಲ ಇದ್ದಲ್ಲೇ ನಿಲ್ಲುತ್ತಾರೆ. ಮುಖದ ಮೇಲೆ ಬೆವರು ಇಳಿಯುತ್ತಿದ್ದರೂ ಒರೆಸುವುದಿಲ್ಲ. ಮುಗಿದ ಕೂಡಲೇ ಮತ್ತೆ ಓಟ. ನಾನೂ ಅವರ ಜೊತೆ ನಿಲ್ಲುತ್ತಿದ್ದೆ. ಆಮೇಲೆ ಮನೆಗೆ ಬಂದು ಸ್ನಾನ ಮಾಡಿ, ಹನ್ನೊಂದಕ್ಕೆ ಮೀಟಿಂಗ್. ಅಂಥ ಬೆಳಗ್ಗೆ ಕ್ವಾಲಾಲಂಪುರದಲ್ಲಿ ನನಗೆ ಒಂದೂ ಸಿಗಲಿಲ್ಲ.

ಯಾಕೆಂದರೆ ಅಲ್ಲಿ ನಡೆಯುವುದು ಕಷ್ಟ. ನಾನಿದ್ದದ್ದು ಬಂಗ್ಸಾರ್ ಕಡೆ. ಮನೆಯಿಂದ ರೈಲು ನಿಲ್ದಾಣ ನಕ್ಷೆಯಲ್ಲಿ ನಾನೂರು ಮೀಟರ್, ಕಿಟಕಿಯಿಂದ ಕಾಣುತ್ತಿತ್ತು. ಆದರೆ ನಡುವೆ ದೊಡ್ಡ ರಸ್ತೆ. ಮೇಲ್ಸೇತುವೆ ಹುಡುಕಿ ಹತ್ತಿ ಇಳಿದು ಸುತ್ತಿಕೊಂಡು ಹೋಗಲು ಇಪ್ಪತ್ತು ನಿಮಿಷ. ಫುಟ್‌ಪಾತ್ ಇದ್ದಕ್ಕಿದ್ದ ಹಾಗೆ ಮುಗಿದುಹೋಗುತ್ತದೆ. ಮಧ್ಯಾಹ್ನ ಮೂರಕ್ಕೋ ನಾಲ್ಕಕ್ಕೋ ಮಳೆ ಬಂದರೆ ಮುಗಿಯಿತು. ಆದ್ದರಿಂದ ಎಲ್ಲರೂ ಗ್ರ್ಯಾಬ್ ಆ್ಯಪ್‌ನಲ್ಲಿ ಟ್ಯಾಕ್ಸಿ ಕರೆಸುತ್ತಾರೆ, ನಾನೂ ಕರೆಸಿದೆ.

ರೂಮಿನ ಲೆಕ್ಕ ಹೇಳಿಬಿಡುತ್ತೇನೆ. ಓನ್ ನಟ್‌ನಲ್ಲಿ ಸಣ್ಣ ಸ್ಟುಡಿಯೋಗೆ ತಿಂಗಳಿಗೆ 13,000 ಬಾಟ್, ನಮ್ಮ ದುಡ್ಡಲ್ಲಿ ಆಗ ಸುಮಾರು 32,000 ರೂಪಾಯಿ. ಬಂಗ್ಸಾರ್‌ನಲ್ಲಿ 2,200 ರಿಂಗಿಟ್, ಹತ್ತಿರ ಹತ್ತಿರ 43,000 ರೂಪಾಯಿ. ಕ್ವಾಲಾಲಂಪುರದ ಮನೆ ದುಪ್ಪಟ್ಟು ದೊಡ್ಡದು, ಸರಿಯಾದ ಅಡುಗೆಮನೆ ಇತ್ತು, ಕುಕ್ಕರ್ ಕೂಗಿಸಬಹುದಿತ್ತು. ಬ್ಯಾಂಕಾಕ್‌ನಲ್ಲಿ ಮೊದಲ ತಿಂಗಳು ಬೇರೆ ಒಂದು ಅಪಾರ್ಟ್‌ಮೆಂಟ್‌ನಲ್ಲಿದ್ದೆ. ಅಲ್ಲಿ ಕರೆಂಟಿಗೆ ಯೂನಿಟ್‌ಗೆ 8 ಬಾಟ್ ಹಾಕಿದರು. ಸರ್ಕಾರಿ ಮೀಟರ್ ದರ ಅದರ ಅರ್ಧದಷ್ಟು. ದಿನವಿಡೀ ಎಸಿ ಹಾಕಿಕೊಂಡು ಕೆಲಸ ಮಾಡುವವರಿಗೆ ಇದು ದೊಡ್ಡ ಮೊತ್ತ. ಬಾಡಿಗೆ ಮಾತಾಡುವ ಮೊದಲೇ ಯೂನಿಟ್ ದರ ಕೇಳಿ, ಬರೆಸಿಕೊಳ್ಳಿ. ಇಂಟರ್ನೆಟ್ ಎರಡೂ ಕಡೆ ಚೆನ್ನಾಗಿತ್ತು, ಅದರ ಬಗ್ಗೆ ಹೇಳುವುದೇನೂ ಇಲ್ಲ.

ವೀಸಾದಲ್ಲಿ ಥಾಯ್ಲೆಂಡ್ ಮುಂದೆ. ನಮ್ಮ ಹಾಗೆ ಹೊರದೇಶದ ಕಂಪನಿಗೆ ದೂರದಿಂದ ಕೆಲಸ ಮಾಡುವವರೂ ಪಡೆಯಬಹುದಾದ, 2024ರ ಜುಲೈನಲ್ಲಿ ಶುರುವಾದ ಡಿಟಿವಿ ವೀಸಾ ಐದು ವರ್ಷದ್ದು, ಪ್ರತಿ ಸಲ ಹೋದಾಗ 180 ದಿನ ಇರಬಹುದು. ಖಾತೆಯಲ್ಲಿ 5 ಲಕ್ಷ ಬಾಟ್ ಇದೆ ಅಂತ ತೋರಿಸಬೇಕು. 90 ದಿನ ಆದರೆ ಇಮಿಗ್ರೇಷನ್‌ಗೆ ವಿಳಾಸ ತಿಳಿಸಬೇಕು. ಮಲೇಷ್ಯಾದಲ್ಲಿ ಇಂಥ ಕೆಲಸದವರಿಗೆ ಕೊಡುವ ಡಿಇ ರಂತಾವ್ ಪಾಸ್ 2022ರಲ್ಲಿ ಬಂದದ್ದು, ಮೂರರಿಂದ ಹನ್ನೆರಡು ತಿಂಗಳಿಗೆ ಕೊಡುತ್ತಾರೆ. ಐಟಿ ಕೆಲಸದವರಿಗೆ ವರ್ಷಕ್ಕೆ 24,000 ಡಾಲರ್ ಆದಾಯ ಇರಬೇಕು. ತೆರಿಗೆಗೆ ದಿನ ಎಣಿಸಿಕೊಳ್ಳಿ: ಥಾಯ್ಲೆಂಡ್‌ನಲ್ಲಿ ವರ್ಷಕ್ಕೆ 180, ಮಲೇಷ್ಯಾದಲ್ಲಿ 182 ದಿನ ತುಂಬಿದರೆ ಅಲ್ಲಿನ ನಿವಾಸಿ ಲೆಕ್ಕಕ್ಕೆ ಬರುತ್ತೀರಿ.

ಜನವರಿಯಲ್ಲಿ ಬ್ಯಾಂಕಾಕ್ ಹೊಗೆಯಲ್ಲಿ ಮುಳುಗಿತು. ಗದ್ದೆಯ ಕೂಳೆ ಸುಡುವ ಹೊಗೆ, ಗಾಡಿಗಳ ಹೊಗೆ, ಗಾಳಿ ಅಲುಗಾಡದ ದಿನಗಳು. ಶಾಲೆಗಳು ಮುಚ್ಚಿದವು. ಜನ ಕಾರು ಬಿಟ್ಟು ಬರಲಿ ಅಂತ 25ನೇ ತಾರೀಕಿನಿಂದ ಒಂದು ವಾರ ರೈಲು, ಬಸ್ಸು ಉಚಿತ ಮಾಡಿದರು. ಆ ವಾರ ನಾನು ಪಾರ್ಕಿಗೆ ಹೋಗಲಿಲ್ಲ. ಗಂಟಲು ಉರಿ, ಕಿಟಕಿಯಲ್ಲಿ ಎದುರಿನ ಕಟ್ಟಡವೇ ಮಸುಕು. ಸುಮಾತ್ರಾ, ಬೋರ್ನಿಯೋ ಕಡೆ ಕಾಡಿಗೆ ಬೆಂಕಿ ಬಿದ್ದ ವರ್ಷ ಕ್ವಾಲಾಲಂಪುರಕ್ಕೂ ಹೀಗೇ ಆಗುತ್ತದೆ, 2015 ಮತ್ತು 2019ರಲ್ಲಿ ಆಗಿತ್ತು. ನಾನಿದ್ದ ತಿಂಗಳುಗಳಲ್ಲಿ ಆಕಾಶ ಶುಭ್ರವಾಗಿತ್ತು.

ಹಾಗಿದ್ದರೂ ಯಾಕೆ ಕ್ವಾಲಾಲಂಪುರ ಅಂದೆ? ರಾತ್ರಿ ಒಂಬತ್ತಕ್ಕೆ ಲ್ಯಾಪ್‌ಟಾಪ್ ಮುಚ್ಚಿ ಕೆಳಗೆ ಇಳಿದರೆ ಮಾಮಕ್ ಅಂಗಡಿ ತೆರೆದಿರುತ್ತಿತ್ತು. ತಮಿಳು ಮುಸ್ಲಿಮರು ನಡೆಸುವ ಚಹದಂಗಡಿಗಳು, ಎಷ್ಟೋ ಕಡೆ ಇಡೀ ರಾತ್ರಿ ಮುಚ್ಚುವುದಿಲ್ಲ. 'ತೇ ತಾರಿಕ್, ಕುರಾಂಗ್ ಮಾನಿಸ್' ಅನ್ನುತ್ತಿದ್ದೆ, ಸಕ್ಕರೆ ಕಡಿಮೆ ಅಂತ. ಆತ ಒಂದು ಮಗ್ ತಲೆಯ ಮಟ್ಟಕ್ಕೆ ಎತ್ತಿ ಇನ್ನೊಂದಕ್ಕೆ ಸುರಿಯುತ್ತಿದ್ದ, ಒಂದು ಹನಿ ಹೊರಗೆ ಬೀಳದ ಹಾಗೆ. ನೊರೆ ಲೋಟದ ಅಂಚಿಗೆ ಬಂದು ನಿಲ್ಲುತ್ತಿತ್ತು. ಪಕ್ಕದ ಮೇಜಿನವರು ಎಲ್ಲಿಯವರು ಅಂತ ಕೇಳುತ್ತಿದ್ದರು. ಮಾರ್ಚ್‌ನಲ್ಲಿ ರಂಜಾನ್ ಇದ್ದಾಗ ಒಬ್ಬರು ಹಿರಿಯರು ನನ್ನ ಮೇಜಿಗೇ ಬಂದು ಕೂತು, ಖರ್ಜೂರ ಕೊಟ್ಟು, ಅವರ ಅಜ್ಜ ಹಡಗಿನಲ್ಲಿ ಬಂದ ಕಥೆ ಹೇಳಿದರು. ಬ್ಯಾಂಕಾಕ್‌ನಲ್ಲಿ ಪಾ ಎಷ್ಟೋ ಪ್ರೀತಿ ತೋರಿಸಿದರು, ಆದರೆ ಅವರ ಮಕ್ಕಳು ಎಷ್ಟು, ಊರು ಯಾವುದು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಕೇಳುವಷ್ಟು ಥಾಯ್ ನನಗೆ ಬರಲಿಲ್ಲ. ಕೆಲವು ವಾರ ಆಫೀಸಿನವರನ್ನು ಬಿಟ್ಟರೆ ಯಾರ ಹತ್ತಿರವೂ ಮಾತಾಡಿರಲಿಲ್ಲ.

ಸಸ್ಯಾಹಾರಿಯಲ್ಲದವರು, ಬೆಳಗ್ಗೆ ಓಡುವವರು, ನವೆಂಬರ್ ಡಿಸೆಂಬರ್‌ಗೆ ಮಾತ್ರ ಹೋಗುವವರು ಬ್ಯಾಂಕಾಕ್ ಆರಿಸಿಕೊಳ್ಳಿ, ಎರಡನೇ ಯೋಚನೆ ಬೇಡ. ನಾನು ಮುಂದಿನ ಸಲಕ್ಕೆ ಬ್ರಿಕ್‌ಫೀಲ್ಡ್ಸ್‌ನಲ್ಲೇ ಮನೆ ಹುಡುಕುತ್ತಿದ್ದೇನೆ, ದೊಡ್ಡ ರಸ್ತೆ ದಾಟದೆ ನಿಲ್ದಾಣಕ್ಕೆ ನಡೆದು ಹೋಗುವ ಹಾಗಿರಬೇಕು. ಡಿಸೆಂಬರ್‌ನಲ್ಲಿ ಎರಡು ವಾರ ರಜೆ ಹಾಕಿ ಓನ್ ನಟ್‌ಗೂ ಹೋಗುತ್ತೇನೆ. ಪಾಗೆ ಮಕ್ಕಳೆಷ್ಟು ಅಂತ ಕೇಳಲು ಬೇಕಾದಷ್ಟು ಥಾಯ್ ಈಗ ಕಲಿಯುತ್ತಿದ್ದೇನೆ.