ಸಿಂಹ ನೋಡಲು ಗಿರ್‌ಗಾ, ಸೆರೆಂಗೆಟಿಗಾ?

ಸಿಂಹದ ಸಂಸಾರ ನೋಡಬೇಕಾ? ತಾಂಜಾನಿಯಾದ ಸೆರೆಂಗೆಟಿಗೇ ಹೋಗಿ. ಬಯಲು ಹುಲ್ಲುಗಾವಲು, ದೂರದಿಂದಲೇ ಕಾಣುತ್ತವೆ. ಅಕ್ಕತಂಗಿ ಹೆಣ್ಣುಗಳು ಕೂಡಿ ಬೇಟೆಯಾಡುತ್ತವೆ, ಒಂದರ ಮರಿಗೆ ಇನ್ನೊಂದು ಹಾಲೂಡಿಸುತ್ತದೆ. ಗಂಡುಗಳೂ ಗುಂಪಿನ ಜೊತೆಗೇ ಜಾಸ್ತಿ.

ಗುಜರಾತಿನ ಗಿರ್ ಕಥೆ ಬೇರೆ. ತೇಗದ ಒಣಕಾಡು, ಬೇಟೆಗೆ ಹೆಚ್ಚಾಗಿ ಜಿಂಕೆ. ಗುಂಪು ಚಿಕ್ಕದು. ಗಂಡುಗಳು ಬೇರೆಯಾಗಿಯೇ ಓಡಾಡುತ್ತವೆ. ಹೆಣ್ಣುಗಳ ಹತ್ತಿರ ಬರುವುದು ಬಹುತೇಕ ಕೂಡುವಾಗ, ಇಲ್ಲವೇ ದೊಡ್ಡ ಬೇಟೆ ಬಿದ್ದಾಗ (ಊಟಕ್ಕೆ ಮಾತ್ರ ಹಾಜರ್!). ಕೇಸರ ತೆಳು, ಕಿವಿ ಕಾಣುತ್ತದೆ. ಹೊಟ್ಟೆಯಡಿ ಚರ್ಮದ ಮಡಿಕೆ ಜೋತಿರುತ್ತದೆ. 2025ರ ಎಣಿಕೆಯಲ್ಲಿ ಗುಜರಾತಿನಲ್ಲಿ 891 ಸಿಂಹಗಳು ಸಿಕ್ಕವು. ಏಷ್ಯಾದ ಸಿಂಹ ಕಾಡಿನಲ್ಲಿ ಉಳಿದಿರುವುದು ಅಲ್ಲಿ ಮಾತ್ರ.

ನನ್ನ ಓಟು ಗಿರ್‌ಗೆ. ಖರ್ಚೂ ಕಮ್ಮಿ ಅಲ್ವಾ? ಆದರೆ ಜೂನ್ 16ರಿಂದ ಅಕ್ಟೋಬರ್ 15ರವರೆಗೆ ಕಾಡಿನ ಸಫಾರಿ ಬಂದ್.