680 ರೂಪಾಯಿಯ ರೇಡಿಯೋ 90.4 ಹಿಡಿಯುತ್ತಾ?

ಬನಶಂಕರಿ ಎರಡನೇ ಹಂತದಲ್ಲಿ ನನ್ನದೊಂದು ಟೈಲರಿಂಗ್ ಅಂಗಡಿ ಇದೆ. ಬ್ಲೌಸು, ಫಾಲು, ಪಿಕೋ. ಬೆಳಗ್ಗೆ ಹತ್ತರಿಂದ ರಾತ್ರಿ ಎಂಟೂವರೆವರೆಗೆ ಎರಡೂ ಕೈ ಬಟ್ಟೆ ಮೇಲೆ, ಕಾಲು ಪೆಡಲ್ ಮೇಲೆ. ಬಿಡುವಾಗಿರುವುದು ಕಿವಿ ಮಾತ್ರ. ಆ ಕಿವಿಗೆ ಬೇಕಿದ್ದು 90.4, ಅಂದರೆ ಲಾಭಕ್ಕಲ್ಲದೆ ಜನರೇ ನಡೆಸುವ ಒಂದು ಸಮುದಾಯ ರೇಡಿಯೋ. ಮೊಬೈಲಲ್ಲೇ ಕೇಳಬಹುದಲ್ವಾ ಅಂತ ಎಲ್ಲರೂ ಹೇಳುತ್ತಾರೆ. ನನ್ನ ಹಳೇ ಫೋನಿನಲ್ಲಿ ಎಫ್‌ಎಂ ಇತ್ತು, ಹೊಸದರಲ್ಲಿ ಇಲ್ಲ. ಫೋನಿನಲ್ಲಿ ಎಫ್‌ಎಂ ಇದ್ದರೆ ಅದನ್ನು ಬಂದ್ ಮಾಡಿಡಬೇಡಿ ಅಂತ ಕೇಂದ್ರ ಸರ್ಕಾರ 2023ರಲ್ಲಿ ಕಂಪನಿಗಳಿಗೆ ಹೇಳಿತ್ತು. ಹೇಳಿದ್ದು ಸಲಹೆ. ಇಲ್ಲದ್ದನ್ನು ಹಾಕಿ ಅಂತೇನೂ ಅಲ್ಲ.

ಅದಕ್ಕೆ ಎಸ್.ಪಿ. ರೋಡಿಗೆ ಹೋಗಿ ಕೈಯಗಲದ ಒಂದು ರೇಡಿಯೋ ತಂದೆ. 750 ಅಂದರು, 680ಕ್ಕೆ ಕೊಟ್ಟರು. ಆರು ತಿಂಗಳು ಬಳಸಿದ ಮೇಲೆ ಬರೆಯುತ್ತಿದ್ದೇನೆ. ಐದಕ್ಕೆ ಮೂರೂವರೆ ಕೊಡುತ್ತೇನೆ. ಆ ಒಂದೂವರೆ ಎಲ್ಲಿ ಹೋಯಿತು ಅನ್ನುವುದೇ ಈ ಬರಹ.

ಅಂಗಡಿಯಲ್ಲಿ ನಾನು ಕೇಳಿದ್ದು ಒಂದೇ. "ಅಣ್ಣಾ, 90.4 ಹಾಕಿ ತೋರಿಸಿ."

"ಆಟೋ ಸ್ಕ್ಯಾನ್ ಒತ್ತಿ ಅಕ್ಕಾ, ಎಲ್ಲಾ ಬರುತ್ತೆ."

ಒತ್ತಿದೆ. ಅಂಕಿ 87.5ರಿಂದ ಓಡಲು ಶುರುವಾಗಿ, 90ನ್ನು ದಾಟಿ, ಸೀದಾ ಖಾಸಗಿ ಎಫ್‌ಎಂ 91.1ರಲ್ಲಿ ನಿಂತಿತು. ಜೋರಾಗಿ ಹಾಡು. "ನೋಡಿ, ನೀವು ಹೇಳಿದ ಸ್ಟೇಷನ್ನೇ ಇಲ್ಲ" ಅಂದರು. ನಾನು ಸೆಟ್ ತಗೊಂಡು ಒಂದೊಂದೇ ಪಾಯಿಂಟ್ ಹಿಂದಕ್ಕೆ ಒತ್ತುತ್ತಾ ಬಂದೆ. 90.7, 90.6, 90.5. ಬರೀ ಸುಯ್ಯೋ ಶಬ್ದ. 90.4ಕ್ಕೆ ಬಂದಾಗ ಅದರ ಹಿಂದೆ ಒಂದು ಹೆಂಗಸಿನ ಧ್ವನಿ, ಕನ್ನಡದಲ್ಲಿ ಮಾತಾಡುತ್ತಿತ್ತು. ಬಾಗಿಲ ಹೊರಗೆ ಹೋಗಿ ನಿಂತೆ, ಸ್ವಲ್ಪ ಶುದ್ಧವಾಯಿತು. ಅಂಗಡಿಯೊಳಗಿನ ಎಲ್‌ಇಡಿ ದೀಪಗಳದ್ದೇ ಅರ್ಧ ಗಲಾಟೆ. ಐದು ಸೆಟ್ ಹೀಗೆ ನೋಡಿದೆ. ಮೂರರಲ್ಲಿ 90.4ರ ಮೇಲೆ ಪಕ್ಕದ 91.1 ಬಂದು ಕೂರುತ್ತಿತ್ತು. ಎರಡರಲ್ಲಿ ಇಲ್ಲ. ಆ ಎರಡರಲ್ಲಿ ಅಗ್ಗದ್ದನ್ನು ತಗೊಂಡೆ.

ಒಂದು ಸ್ಟೇಷನ್ನಿಗೆ ಇಷ್ಟು ಹಟ ಯಾಕೆ ಅಂದರೆ, ನಾನು ಬಂಗಾರಪೇಟೆ ಕಡೆಯವಳು. ಚಿಕ್ಕಮ್ಮನ ಮನೆ ಬೂದಿಕೋಟೆಯಲ್ಲಿ. ಹೈದರಾಲಿ ಹುಟ್ಟಿದ ಊರು ಅಂತ ಬೂದಿಕೋಟೆಗೆ ಹೆಸರು. ನನಗೆ ಮಾತ್ರ ಅದು ರೇಡಿಯೋ ಊರು. ನಾನು ಹೈಸ್ಕೂಲಿಗೆ ಸೇರುವ ಹೊತ್ತಿಗೆ ಅಲ್ಲಿ 'ನಮ್ಮ ಧ್ವನಿ' ಶುರುವಾಗಿತ್ತು. ವಾಯ್ಸಸ್, ಮೈರಾಡ ಸಂಸ್ಥೆಗಳು, ಯುನೆಸ್ಕೋ ನೆರವು, ಕೆಲಸ ಮಾಡುವವರು ಊರಿನ ಹುಡುಗರು ಮತ್ತು ಸಂಘದ ಹೆಂಗಸರು. ಎಲ್ಲಾ ಇತ್ತು, ಗಾಳಿಗೆ ಬಿಡುವ ಹಾಗಿರಲಿಲ್ಲ. ಟ್ರಾನ್ಸ್‌ಮಿಟರ್ ಇಡಲು ಹಳ್ಳಿಯವರಿಗೆ ಲೈಸೆನ್ಸ್ ಇರಲಿಲ್ಲ. ಅದಕ್ಕೆ ಕೇಬಲ್ ಟಿ.ವಿ.ಯ ತಂತಿಯಲ್ಲೇ ಧ್ವನಿ ಕಳಿಸಿದರು. ಚಿಕ್ಕಮ್ಮ ಟಿ.ವಿ. ಹಾಕಿ, ಅದಕ್ಕೆ ಬೆನ್ನು ಮಾಡಿ ರಾಗಿ ಹಸನು ಮಾಡುತ್ತಾ ಕೇಳುತ್ತಿದ್ದಳು. ಒಂದು ದಿನ ಪಕ್ಕದ ಬೀದಿಯ ಆಯಮ್ಮ ಮಾತಾಡುತ್ತಾ ಮಾತಾಡುತ್ತಾ ಕೆಮ್ಮಿದಳು. ಆ ಕೆಮ್ಮೂ ಬಂತು. "ಅಯ್ಯೋ, ಇನ್ನೂ ವಾಸಿ ಆಗಿಲ್ವಲ್ಲ ಇವಳಿಗೆ" ಅಂತ ಚಿಕ್ಕಮ್ಮ ಎದ್ದು ಕಷಾಯಕ್ಕೆ ನೀರಿಟ್ಟಳು.

ಯಾಕೆ ತಂತಿ ಅಂತ ಆಗ ಕೇಳಿರಲಿಲ್ಲ. ಈಗ ನನಗೊಬ್ಬರು ಗಿರಾಕಿ ಇದ್ದಾರೆ, ಖಾದಿ ಬ್ಲೌಸು, ಮೊಣಕೈವರೆಗೆ ತೋಳು. ಆ ಕಾಲದ ರೇಡಿಯೋ ಹೋರಾಟದಲ್ಲಿ ಓಡಾಡಿದವರು. ಅಳತೆ ಕೊಡಲು ಬಂದಾಗೆಲ್ಲ ಒಂದೊಂದು ಕಂತು ಹೇಳುತ್ತಾರೆ. ಶುರುವಾಗಿದ್ದು ಕ್ರಿಕೆಟ್‌ನಿಂದಂತೆ! ಹೀರೋ ಕಪ್ ಪಂದ್ಯಗಳನ್ನು ಯಾರು ತೋರಿಸಬೇಕು ಅನ್ನುವ ಜಗಳ ಸುಪ್ರೀಂ ಕೋರ್ಟಿಗೆ ಹೋಯಿತು. 1995ರ ಫೆಬ್ರವರಿಯಲ್ಲಿ ಬಂದ ತೀರ್ಪು, ರೇಡಿಯೋ ತರಂಗಗಳು ಸಾರ್ವಜನಿಕರ ಆಸ್ತಿ ಅಂತು. ಮಾರನೇ ವರ್ಷ ಬೆಂಗಳೂರಿನಲ್ಲಿ ಸೇರಿದವರು, ಹಾಗಾದರೆ ಜನರಿಗೂ ಸ್ಟೇಷನ್ ಕೊಡಿ ಅಂತ ಘೋಷಣೆ ಹೊರಡಿಸಿದರು. ಕೊಟ್ಟರಾ? 2001ರಲ್ಲಿ ದೇಶದ ಮೊದಲ ಖಾಸಗಿ ಎಫ್‌ಎಂ ಇದೇ ಬೆಂಗಳೂರಿನಲ್ಲಿ ಶುರುವಾಯಿತು. ನೂರು ಕಿಲೋಮೀಟರ್ ಒಳಗಿನ ಬೂದಿಕೋಟೆಯವರು ತಂತಿ ಎಳೆಯುತ್ತಿದ್ದರು. ತೆಲಂಗಾಣದ ಪಸ್ತಾಪುರದಲ್ಲಿ ದಲಿತ ಹೆಂಗಸರು ಸ್ಟುಡಿಯೋ ಇಟ್ಟುಕೊಂಡು, ಕ್ಯಾಸೆಟ್ ತುಂಬಿಸಿ ಕಾದರು. ಸಂಘ–ಸಂಸ್ಥೆಗಳಿಗೂ ಲೈಸೆನ್ಸ್ ಅಂತ ಆಗಿದ್ದು 2006ರ ನವೆಂಬರಿನಲ್ಲಿ. ಪಸ್ತಾಪುರದ ಸಂಘಂ ರೇಡಿಯೋ ಗಾಳಿಗೆ ಬಂದಿದ್ದು 2008ರ ಅಕ್ಟೋಬರ್ 15ಕ್ಕೆ. ನಾನು ಕೇಳುವ ಬೆಂಗಳೂರಿನ 90.4, ಅಂದರೆ ಜೈನ್ ಸಂಸ್ಥೆಯವರ ರೇಡಿಯೋ ಆಕ್ಟಿವ್, 2007ರದ್ದು.

ಇಷ್ಟಾದರೂ ಕೊಟ್ಟಿದ್ದು 50 ವ್ಯಾಟಿನ ಟ್ರಾನ್ಸ್‌ಮಿಟರ್. ಖಾಸಗಿಯವರದ್ದು ಕಿಲೋವ್ಯಾಟ್ ಲೆಕ್ಕ. ಆಟೋ ಸ್ಕ್ಯಾನ್ ನೋಡುವುದು ಯಾರ ಸಿಗ್ನಲ್ ಜೋರಾಗಿದೆ ಅಂತ. ಮೆತ್ತಗೆ ಮಾತಾಡುವವರನ್ನು ದಾಟಿ ಹೋಗುತ್ತದೆ. ಅಂಗಡಿಯವರನ್ನು ನಾನು ದೂರುವುದಿಲ್ಲ, ಅವರಿಗೆ ರೇಡಿಯೋ ಹೇಳಿದ್ದನ್ನೇ ಅವರು ನನಗೆ ಹೇಳಿದರು. ಆದರೆ ಇಂಥ ಸೆಟ್ ತಗೊಳ್ಳುವವರು ಇದೊಂದು ನೋಡಿಕೊಳ್ಳಿ: 0.1ರಷ್ಟು ಹಿಂದೆ ಮುಂದೆ ಹೋಗುವ ಬಟನ್ ಇದೆಯಾ, ಹಿಡಿದ ಸ್ಟೇಷನ್ನನ್ನು ಕೈಯಾರೆ ಸೇವ್ ಮಾಡಬಹುದಾ. ನನ್ನದರಲ್ಲಿ ಬಟನ್ ಇದೆ. ಸೇವ್ ಮಾಡಿದ್ದು ಇನ್ನೊಮ್ಮೆ ಸ್ಕ್ಯಾನ್ ಒತ್ತಿದರೆ ಅಳಿಸಿಹೋಗುತ್ತೆ. ನನ್ನ ಮಗ ವಾರಕ್ಕೊಮ್ಮೆ ಒತ್ತುತ್ತಾನೆ. ಇಲ್ಲಿ ಅರ್ಧ ಸ್ಟಾರ್ ಹೋಯಿತು.

ಇನ್ನು ಏರಿಯಲ್. ಪೂರ್ತಿ ಎಳೆದರೂ ಹದಿನಾರು ಇಂಚು, ಟೇಪಿಟ್ಟು ನೋಡಿದ್ದೇನೆ. ಪಕ್ಕದ ಮೊಬೈಲ್ ರಿಪೇರಿ ಹುಡುಗ ಲೆಕ್ಕ ಹಾಕಿ, 90.4ಕ್ಕೆ ಮೂವತ್ತೆರಡೂವರೆ ಇಂಚು ಬೇಕು ಆಂಟಿ ಅಂದ. ಅಳತೆ ಅಂದರೆ ನನಗೆ ಹೇಳಿಕೊಡಬೇಕಾ? ಒಂದು ವೈರು ಅಷ್ಟೇ ಉದ್ದ ಕತ್ತರಿಸಿ, ಒಂದು ತುದಿಯ ಪ್ಲಾಸ್ಟಿಕ್ ಸುಲಿದು ಏರಿಯಲ್‌ಗೆ ಸುತ್ತಿದೆ. ಇನ್ನೊಂದು ತುದಿಯನ್ನು ಹ್ಯಾಂಗರಿಗೆ ಕಟ್ಟಿ ಕಿಟಕಿ ಹತ್ತಿರ ನೇತುಹಾಕಿದೆ. ಸುಯ್ಯೋದು ಮುಕ್ಕಾಲು ಪಾಲು ನಿಂತಿತು. ಮೆಷಿನ್ ಮೋಟರ್ ಓಡುವಾಗ ಮಾತ್ರ ಗರ್ರ್ ಅನ್ನುತ್ತದೆ. ಅದಕ್ಕೆ ಒಳ್ಳೆ ಮಾತು ಬಂದಾಗ ನಾನು ಹೆಮ್ಮಿಂಗ್ ಇಟ್ಟುಕೊಳ್ಳುತ್ತೇನೆ, ಕೈಸೂಜಿ ಕೆಲಸ.

ಒಳ್ಳೆ ಮಾತು ಅಂದರೆ? ಕಸ ಆಯುವವರು ತಮ್ಮ ಕೆಲಸದ ಬಗ್ಗೆ ತಾವೇ ಹೇಳುವುದು. ಟ್ರಾನ್ಸ್‌ಜೆಂಡರ್ ಸಮುದಾಯದವರೇ ಮೈಕ್ ಮುಂದೆ ಕೂತು ನಡೆಸಿಕೊಡುವುದು. ಎಲ್ಲವೂ ಚೆನ್ನಾಗಿರುತ್ತೆ ಅಂತಲ್ಲ. ಕೆಲವು ಸಲ ಭಾಷಣ ಜಾಸ್ತಿ, ನಾನೂ 91.1ಕ್ಕೆ ಹೋಗಿ ಎರಡು ಹಾಡು ಕೇಳಿ ಬರುತ್ತೇನೆ. ಸುದ್ದಿಯಂತೂ ಇಲ್ಲ. ಆಕಾಶವಾಣಿ ವಾರ್ತೆಯನ್ನು ಇದ್ದ ಹಾಗೆ ಹಾಕಬಹುದು, ಸ್ವಂತ ಸುದ್ದಿ ಓದುವ ಹಾಗಿಲ್ಲ. ಟಿ.ವಿ.ಯಲ್ಲಿ ಯಾರು ಬೇಕಾದರೂ ಏನು ಬೇಕಾದರೂ ಕಿರುಚಬಹುದು, ಇವರು ಮಾತ್ರ ವಾರ್ತೆ ಓದಬಾರದು. ಇದು ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಇವರ ಹತ್ತಿರ ದುಡ್ಡೂ ಇಲ್ಲ. ಗಂಟೆಗೆ 12 ನಿಮಿಷ ಜಾಹೀರಾತು ಹಾಕಬಹುದು ಅಂತ 2024ರಲ್ಲಿ ಆಯಿತು, ಮೊದಲು 7 ಇತ್ತು. ಸರ್ಕಾರಿ ಜಾಹೀರಾತಿಗೆ ಹತ್ತು ಸೆಕೆಂಡಿಗೆ 74 ರೂಪಾಯಿ ದರ. ನಾನು ಒಂದು ಸೀರೆಗೆ ಫಾಲ್ ಹಾಕಿ ಪಿಕೋ ಮಾಡಲು ಅದಕ್ಕಿಂತ ಜಾಸ್ತಿ ತಗೊಳ್ಳುತ್ತೇನೆ. 2012ರಲ್ಲಿ, ತರಂಗ ಬಳಸಲು ಸರ್ಕಾರಕ್ಕೆ ಕಟ್ಟುವ ವರ್ಷದ ಶುಲ್ಕವನ್ನು 19,700ರಿಂದ 91,000ಕ್ಕೆ ಏರಿಸಿದ್ದರಂತೆ. ಆಗ ಸಮುದಾಯ ರೇಡಿಯೋದವರು ಒಂದು ದಿನ ಪ್ರಸಾರ ನಿಲ್ಲಿಸಿ ಪ್ರತಿಭಟಿಸಿದರು. ರೇಡಿಯೋದವರ ಮುಷ್ಕರ ಅಂದರೆ ಸುಮ್ನಿರುವುದು! ಶುಲ್ಕ ಇಳಿಯಿತು.

ಖಾದಿ ಬ್ಲೌಸಿನ ಮೇಡಂ ಹೇಳಿದ ಇನ್ನೊಂದು ಮಾತು ತಲೆಯಲ್ಲಿ ಕೂತಿದೆ. ರಾಜಕೀಯ ಪಕ್ಷಗಳು ಟಿ.ವಿ. ಚಾನೆಲ್ ನಡೆಸಬಾರದು ಅಂತ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2014ರಲ್ಲಿ ಶಿಫಾರಸು ಮಾಡಿತ್ತು. ಅದು ಶಿಫಾರಸಾಗಿಯೇ ಇದೆ. ಆದರೆ ಸಮುದಾಯ ರೇಡಿಯೋಗೆ ಆ ನಿಯಮ ಮೊದಲಿನಿಂದಲೂ ಇದೆ. ಪಕ್ಷಕ್ಕೆ ಇಲ್ಲ, ಲಾಭದ ಕಂಪನಿಗೆ ಇಲ್ಲ, ಒಬ್ಬ ವ್ಯಕ್ತಿಗೂ ಇಲ್ಲ. 50 ವ್ಯಾಟಿಗೆ ಅಷ್ಟು ಬಿಗಿ ನಿಯಮ.

ರೇಡಿಯೋಗೆ ವಾಪಸ್ ಬರುತ್ತೇನೆ. ಸೌಂಡ್ ಚೆನ್ನಾಗಿದೆ, ಮಾತು ಸ್ಪಷ್ಟ, ಹಾಡಿಗೆ ಬೇಸ್ ಇಲ್ಲ. ಹಳೇ ನೋಕಿಯಾ ಫೋನಿನ ಬಿಎಲ್-5ಸಿ ಬ್ಯಾಟರಿಯೇ ಹಿಡಿಯುತ್ತದೆ, ಎಲ್ಲಾ ಕಡೆ ಸಿಗುತ್ತೆ. ಒಮ್ಮೆ ಚಾರ್ಜ್ ಮಾಡಿದರೆ ನನಗೆ ಒಂದು ದಿನ ಬರುತ್ತದೆ. ಚಾರ್ಜರ್ ಪಿನ್ ಹಳೇ ಕಾಲದ್ದು, ಚಾರ್ಜ್ ಹಾಕಿಕೊಂಡು ಕೇಳಿದರೆ ಗುಂಯ್‌ಗುಡುತ್ತೆ. ಅದಕ್ಕೆ ಇನ್ನರ್ಧ.

ಉಳಿದ ಅರ್ಧ ಏರಿಯಲ್‌ನ ಬುಡಕ್ಕೆ. ಮೂರೇ ತಿಂಗಳಿಗೆ ಸಡಿಲವಾಗಿ ತಲೆ ಬಗ್ಗಿಸಿತು. ಆರು ತಿಂಗಳು ವಾರಂಟಿ ಅಂದಿದ್ದರಲ್ಲ ಅಂತ ತಗೊಂಡು ಹೋದೆ. "ಅದು ಮೆಷಿನಿಗೆ ಅಕ್ಕಾ, ಏರಿಯಲ್‌ಗಲ್ಲ" ಅಂದರು. ಬಾಬಿನ್ ದಾರ ಹತ್ತು ಸುತ್ತು ಸುತ್ತಿ ಬಿಗಿದಿದ್ದೇನೆ. ಸದ್ಯಕ್ಕೆ ನೆಟ್ಟಗೆ ನಿಂತಿದೆ.